ಕಾಲು ಯಾರವಾದ್ರೂ ಇರ್ಲಿ

ವಿದ್ಯಾನಗರದ ಕಾಲೇಜೊಂದರ ಮೇಲ್ಮಹಡಿಯಲ್ಲಿ
ಶನಿವಾರದ ಸಿನಿಮಾ. ನಲವತ್ತು ಕುರ್ಚಿ, ಹದಿನಾರು ಜನ,
ಕಿಟಕಿಗೆ ಕಂಬಳಿ ಕಟ್ಟಿದ್ದರೂ
ಪರದೆಯ ಎಡಮೂಲೆಗೆ ಬೀದಿದೀಪ ಬೀಳುತ್ತಿತ್ತು.
ಮುಂದಿನ ಸಾಲಿನಲ್ಲಿ, ಚಪ್ಪಲಿ ಬಿಟ್ಟು,
ಕುರ್ಚಿಯ ಮೇಲೇ ಕಾಲು ಮಡಚಿ ಕೂತವಳು ತುಳಸವ್ವ ಲಕ್ಕುಂಡಿ,
ಗದಗಿನ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ಬಣ್ಣ ಹಚ್ಚಿದವಳು.
ಕರೆದುಕೊಂಡು ಬಂದವಳು ನಾನು.
ಬ್ಯಾಲೆ ಅಂದರೇನೆಂದು ಆಟೋದಲ್ಲಿ ಹೇಳಹೊರಟರೆ
"ಸುಮ್ನಿರು, ಕಣ್ಣಿಲ್ಲೇನು ನನಗ" ಅಂದಿದ್ದಳು.

ಎರಡು ತಾಸು ಆ ಹುಡುಗಿ
ಹೆಬ್ಬೆರಳ ಮೇಲೆ ನಿಂತಳು, ಬಿದ್ದಳು, ನಿಂತಳು.
ನಿದ್ದೆಯಲ್ಲೂ ತುಟಿ ಲೆಕ್ಕ ಹಾಕುತ್ತಿತ್ತು.
ಅವಳು ನಿಂತ ಮೇಲೂ ಅವಳ ಹೆಜ್ಜೆ ಸಪ್ಪಳ
ಖಾಲಿ ಮೆಟ್ಟಿಲಲ್ಲಿ ಇಳಿಯುತ್ತಲೇ ಇತ್ತು.
ಮಾತೇ ಇಲ್ಲದ ಕಡೆ ಬರಿಯ ಬೆನ್ನು ತೋರಿಸಿದರು,
ಆ ಬೆನ್ನೂ ಸುಳ್ಳು ಹೇಳುತ್ತಿತ್ತು, ಅಷ್ಟು ಚೆನ್ನಾಗಿ.
ಕೊನೆಗೆ ಅವಳು ನಕ್ಕಾಗ
ಹಿಂದಿನ ಸಾಲಿನ ಪ್ರೊಫೆಸರು ಕನ್ನಡಕ ಒರೆಸಿಕೊಂಡರು.

ಹೊಸೂರ ಬಸ್‌ಸ್ಟ್ಯಾಂಡು, ರಾತ್ರಿ ಒಂಬತ್ತೂ ಮುಕ್ಕಾಲು.
ನನಗೆ ತಿಳಿದದ್ದನ್ನು ಹೇಳಿದೆ, ಜಾಣೆಯ ಹಾಗೆ:
ಕುಣಿದ ಕಾಲು ಆ ನಟಿಯವಲ್ಲವಂತೆ,
ಬೇರೆ ಯಾರೋ ಕುಣಿದರಂತೆ, ಇವಳ ಮುಖ ಜೋಡಿಸಿದರಂತೆ.
ಮಿರ್ಚಿಯ ತೊಟ್ಟು ಬಿಸಾಕಿ ತಿರುಗಿದಳು ತುಳಸವ್ವ.

"ಕಾಲು ಯಾರವಾದ್ರೂ ಇರ್ಲಿ.
ನಂದೇನು ಸ್ವಂತದ್ದಿತ್ತು?
ಕೂದಲಾ ಹಾವೇರಿಯಿಂದ ಬಾಡಿಗಿ ತಂದದ್ದು,
ಸೀರಿ ಮಾಲಕರ ಹೇಣ್ತೀದು,
ಮ್ಯಾಲಿನ ಸ್ವರಕ್ಕ ದನಿ ಏರ್ಲಿಲ್ಲಂದ್ರ
ಪರದೆ ಹಿಂದ ಕಾಲ್ಪೆಟಗಿ ಮಾಸ್ತರ ಹಾಡವ.
ಸಾಯೂ ಸೀನಿನ್ಯಾಗ ಮಾತ್ರ ನಾನ ಸಾಯಬೇಕಾಗಿತ್ತು.

ಮಂದಿಗೆ ಕಡೀ ಸೀನು ಹಿಡಿಸ್ತು. ನನಗಲ್ಲ.
ಚೀರೂದು, ನೆಲಕ್ಕ ಬೀಳೂದು, ಅದನ್ನ ನಾವೂ ಮಾಡೀವಿ,
ಅದಕ್ಕ ಶಿಳ್ಳಿ ಬೀಳ್ತಾವು.
ನಡುವ ಒಂದು ಕಡೆ ಬೂಟಿಗೆ ರಿಬ್ಬನ್ ಹೊಲಿತಾಳ ನೋಡು,
ಸೂಜಿಗೆ ದಾರ ಏರಿಸೂವಾಗ
ಅಕಿ ಬಾಯಿ ಇಷ್ಟ ತೆರೆದಿತ್ತು.
ಇಷ್ಟ."
ಎರಡು ಬೆರಳಲ್ಲಿ ಎಳ್ಳು ಹಿಡಿದ ಹಾಗೆ ತೋರಿಸಿದಳು.
"ಅದನ್ನ ಯಾವ ಡೈರೆಕ್ಟರೂ ಹೇಳಿಕೊಡೂದಿಲ್ಲ.
ಆ ಹೊತ್ತಿನ್ಯಾಗ ಅಕಿ ನಟಿ ಅಲ್ಲ, ಕುಣಿಯಾಕಿನೂ ಅಲ್ಲ,
ದಾರ ಒಳಗ ಹೋದ್ರ ಸಾಕನ್ನಾಕಿ.
ನನಗ ಅಂಜಿಕಿ ಬಂದದ್ದು ಅಲ್ಲೆ.
ಇಕಿ ಇನ್ನ ಹೊರಗ ಬರೂದಿಲ್ಲಂತ ಅಲ್ಲೇ ತಿಳೀತು."

ಆಮೇಲೆ, ನಾನು ಕೇಳದೆಯೇ:
ಮುಂಡರಗಿ ಕ್ಯಾಂಪಿನಲ್ಲಿ, ಅರವತ್ತನೇ ಆಟದ ರಾತ್ರಿ,
ಮಗು ಕಳಕೊಂಡು ಹುಚ್ಚಾದ ತಾಯಿಯ ಪಾರ್ಟು ಮುಗಿಸಿ
ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿದಳಂತೆ.
ಅರಿವೆ ಕೆಂಪಾಯಿತು, ಮುಖ ಖಾಲಿಯಾಗಲಿಲ್ಲ.
ಹತ್ತೊಂಬತ್ತು ದಿನ
ಮಲಗುವಾಗ ಪಕ್ಕದಲ್ಲಿ ಮೊಳದಗಲ ಜಾಗ ಬಿಡುತ್ತಿದ್ದಳಂತೆ.
"ಸೊಳ್ಳಿಪರದೆನೂ ಆ ಕಡೆ ಜಗ್ಗತಿದ್ನಿ," ಎಂದು ನಕ್ಕಳು.
ಹೇಗೆ ಬಿಟ್ಟಿತು, ಅಂದೆ.
"ಬಿಡೂದೇನು? ಕಂಪನಿ ಶಿರಹಟ್ಟಿಗೆ ಹೊಂಟಿತು,
ನಾಟಕ ಬದಲಾತು, ಕಾಮಿಡಿ ಪಾರ್ಟು ಕೊಟ್ರು.
ಪಗಾರ ಅಷ್ಟ."

ನಾನು ಏನೋ ಹೇಳಬೇಕೆಂದಿದ್ದೆ,
ಸಿನಿಮಾದ ಬಗ್ಗೆ ಓದಿಟ್ಟುಕೊಂಡ ಒಂದು ಮಾತು.
ಅಷ್ಟರಲ್ಲಿ ಬಸ್ಸೊಂದು ಕತ್ತಲಿಂದ ತಿರುಗಿತು,
ಚೀಲ ಹೊತ್ತವರು ಮುಂದೆ ನುಗ್ಗಿದರು.
ತಲೆಗಳ ಮೇಲಿಂದ ಬೋರ್ಡು ಓದಲು
ತುಳಸವ್ವ ನನ್ನ ಭುಜ ಹಿಡಿದು ತುದಿಗಾಲಲ್ಲಿ ನಿಂತಳು.
ಎಪ್ಪತ್ತಮೂರು ವರ್ಷದ ಹಿಮ್ಮಡಿ, ಬಿರುಕಿನೊಳಗೆ ಎರೆಮಣ್ಣು,
ನೆಲದಿಂದ ಮೂರು ಬೆರಳು ಮೇಲೆ.
ಬಾಯಿ ಚೂರು ತೆರೆದಿತ್ತು.

"ನವಲಗುಂದ," ಅಂದು ಇಳಿದಳು.
"ನಮ್ಮದಲ್ಲ.
ಆ ಹುಡುಗಿ ಹೆಸರೇನಂದಿ?"